ಡ್ರಿಪ್ ಪೈಪಿನಲ್ಲಿ ನಿಂತ ಪೆಟ್ರೋಲ್

ಮೂರು ವರ್ಷ ನನ್ನ ತಲೆ ತಿಂದದ್ದು ನನ್ನ ಹಳೇ ಬೈಕಿನ ಸ್ಪಾರ್ಕ್ ಪ್ಲಗ್ಗಿನ ಬಣ್ಣ. ಒಂದು ಸುತ್ತು ಹೋಗಿಬಂದು, ಇಂಜಿನ್ ಆರಿದ ಮೇಲೆ ಎರಡೂ ಪ್ಲಗ್ ಬಿಚ್ಚಿ ಅಂಗೈ ಮೇಲೆ ಪಕ್ಕಪಕ್ಕ ಇಟ್ಟುಕೊಂಡರೆ ಎಡಗಡೆಯದರ ಮೂತಿ ಹದವಾಗಿ ಹುರಿದ ಕಾಫಿ ಬೀಜದ ಹಾಗೆ, ಬಲಗಡೆಯದು ವಿಭೂತಿ ಬಳಿದ ಹಾಗೆ. ಕಾಫಿ ಬಣ್ಣ ಬಂದರೆ ಆ ಸಿಲಿಂಡರಿಗೆ ಪೆಟ್ರೋಲು ಹದವಾಗಿ ಸಿಗುತ್ತಿದೆ ಎಂದರ್ಥ, ಬಿಳಿ ಬಂದರೆ ಕಡಿಮೆಯಾಗಿದೆ ಎಂದರ್ಥ. ಒಂದೇ ಟ್ಯಾಂಕಿನ ಪೆಟ್ರೋಲು, ಒಂದೇ ಆಯಿಲ್, ಒಂದೇ ದಾರಿ, ತಿರುಗಿಸಿದ್ದೂ ಒಂದೇ ಕೈ. ಆದರೂ ಬಣ್ಣ ಎರಡು. ಗಾಡಿ 1985ರ ರಾಜದೂತ್ 350. ಹಾಗಂತ ಯಾರೂ ಕರೆಯುವುದಿಲ್ಲ, ಯಮಾಹಾ ಆರ್‌ಡಿ 350ರ ನಮ್ಮ ದೇಶದ ರೂಪವಾದ್ದರಿಂದ ಎಲ್ಲರ ಬಾಯಲ್ಲೂ ಅದು ಆರ್‌ಡಿ. ಎರಡು ಸಿಲಿಂಡರು, ಗಾಳಿಗೆ ಪೆಟ್ರೋಲು ಬೆರೆಸಿ ಕೊಡುವ ಎರಡು ಕಾರ್ಬ್ಯುರೇಟರು, ಎರಡು ಸೈಲೆನ್ಸರು. ಒಂದೇ ನೊಗಕ್ಕೆ ಕಟ್ಟಿದ ಜೋಡಿ ಎತ್ತು ಅಂದುಕೊಳ್ಳಿ. ಒಂದಕ್ಕೆ ಮೇವು ಕಡಿಮೆಯಾದರೆ ಅದು ಬಾಯಿಬಿಟ್ಟು ಹೇಳುವುದಿಲ್ಲ. ಎಳೆಯುವಷ್ಟು ದಿನ ಎಳೆದು ಒಂದು ದಿನ ಮಂಡಿಯೂರುತ್ತದೆ.

ನನ್ನದು ಮಂಡಿಯೂರಿದ್ದು 2019ರ ಡಿಸೆಂಬರಿನಲ್ಲಿ, ನೆಲ್ಯಾಡಿ ಹತ್ತಿರ.

ಬೆಳಗಿನ ಜಾವ ನಾಲ್ಕೂವರೆಗೆ ಮನೆ ಬಿಟ್ಟಿದ್ದೆ. ನೆಲಮಂಗಲ, ಕುಣಿಗಲ್, ಹಾಸನದವರೆಗೆ ಗಾಡಿ ಹಾಡಿಕೊಂಡು ಬಂತು. ಸಕಲೇಶಪುರದಲ್ಲಿ ಟೀ ಕುಡಿದು ಶಿರಾಡಿ ಘಾಟಿ ಇಳಿದೆ. ಗುಂಡ್ಯ ದಾಟಿದ ಮೇಲೆ ರಸ್ತೆ ನೇರವಾಗುತ್ತದಲ್ಲ, ಅಲ್ಲಿ ಸ್ವಲ್ಪ ಕೈ ಬಿಟ್ಟೆ. ಎಂಬತ್ತರ ಆಸುಪಾಸು ಇದ್ದಿರಬೇಕು. ಮೊದಲು ಬದಲಾದದ್ದು ಶಬ್ದ. ಆರ್‌ಡಿಯ ಆ ಚುರುಕು ದನಿ ಇದ್ದಕ್ಕಿದ್ದಂತೆ ಮಂಕಾಯಿತು, ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ ಹಾಗೆ ಗಾಡಿ ಹಿಂದೆ ಬಿತ್ತು. ಹಿಂದಿನ ಚಕ್ರ ಕೀರ್ ಎಂದು ಉಜ್ಜುವುದಕ್ಕೂ ನನ್ನ ಎಡಗೈ ಕ್ಲಚ್ ಹಿಡಿಯುವುದಕ್ಕೂ ಸರಿಹೋಯಿತು. ಅರ್ಧ ಸೆಕೆಂಡು ತಡವಾಗಿದ್ದರೆ ಬಿದ್ದಿರುತ್ತಿದ್ದೆ. ಅಡಿಕೆ ತೋಟದ ಬೇಲಿಯ ಪಕ್ಕ ಗಾಡಿ ನಿಂತಿತು. ಸುಟ್ಟ ಆಯಿಲ್ ವಾಸನೆ, ಕಾದ ಲೋಹ ಆರುವಾಗಿನ ಟಿಕ್ ಟಿಕ್, ಅದು ಬಿಟ್ಟರೆ ತೋಟದೊಳಗಿನ ಹಕ್ಕಿಗಳ ಸದ್ದು ಮಾತ್ರ. ಇಪ್ಪತ್ತು ನಿಮಿಷ ಬಿಟ್ಟು ಕಿಕ್ಕರ್ ಒತ್ತಿದರೆ ಒಳಗೆ ಮರಳು ಅರೆದ ಹಾಗೆ ಕೈಗೆ ಗೊತ್ತಾಯಿತು. ಬಲಗಡೆ ಪಿಸ್ಟನ್ ಕಚ್ಚಿಕೊಂಡಿತ್ತು.

ಗಾಡಿ ಪಿಕಪ್ ವ್ಯಾನಿನಲ್ಲಿ ಬೆಂಗಳೂರಿಗೆ ಬಂತು. ಒಂದು ಗ್ಯಾರೇಜಿನಲ್ಲಿ ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿ, ಹದಿನೈದು ದಿನಕ್ಕೆ ಕೈಗೆ ಕೊಟ್ಟರು. ಯಾಕೆ ಕಚ್ಚಿತು ಎಂದು ಕೇಳಿದೆ. "ಹಳೇ ಗಾಡಿ ಅಲ್ವಾ ಸಾರ್" ಎಂದರು. ಆ ಉತ್ತರ ನನಗೆ ಇವತ್ತಿಗೂ ನುಂಗಲಾಗುವುದಿಲ್ಲ. ಹಳೆಯದಾಗುವುದು ಕಾರಣವಲ್ಲ. ಎಡಗಡೆ ಪಿಸ್ಟನ್ನಿಗೂ ಅಷ್ಟೇ ವಯಸ್ಸು, ಅದೇಕೆ ಕಚ್ಚಲಿಲ್ಲ? ಹೊಸ ಪಿಸ್ಟನ್ ಹಾಕಿ ಐನೂರು ಕಿಲೋಮೀಟರ್ ಓಡಿಸಿ ಪ್ಲಗ್ ಬಿಚ್ಚಿದೆ. ಬಲಗಡೆಯದು ಮತ್ತೆ ಅದೇ ವಿಭೂತಿ.

ಬೆಂಗಳೂರು ಇರುವುದು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲೆ. ಸಕಲೇಶಪುರದವರೆಗೂ ಹೆಚ್ಚುಕಡಿಮೆ ಅದೇ ಎತ್ತರ. ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ತೆಳು. ಇಲ್ಲಿ ಹದ ಮಾಡಿದ ಕಾರ್ಬ್ಯುರೇಟರ್ ಘಾಟಿ ಇಳಿದರೆ ಗಾಳಿ ದಟ್ಟವಾಗುತ್ತದೆ, ಪೆಟ್ರೋಲು ಆ ಲೆಕ್ಕದಲ್ಲಿ ಹೆಚ್ಚುವುದಿಲ್ಲ. ಬೆಂಗಳೂರಿನಲ್ಲಿ ಅರೆಹೊಟ್ಟೆಯಲ್ಲಿ ಹೇಗೋ ಬದುಕಿಕೊಂಡಿದ್ದ ಬಲಗಡೆ ಸಿಲಿಂಡರು ನೆಲ್ಯಾಡಿಯಲ್ಲಿ ಪೂರ್ತಿ ಉಪವಾಸ ಬಿತ್ತು. ಟೂ ಸ್ಟ್ರೋಕಿನಲ್ಲಿ ಪೆಟ್ರೋಲು ಕಡಿಮೆಯಾಗಿ ಉರಿ ಬಿಸಿಯಾದರೆ ಪಿಸ್ಟನ್ ಹಿಗ್ಗಿ ಗೋಡೆ ಹಿಡಿಯುತ್ತದೆ. ಇಷ್ಟು ನನಗೆ ಅರ್ಥವಾಗಿತ್ತು. ಬಲಗಡೆಗೆ ಮಾತ್ರ ಯಾಕೆ ಕಡಿಮೆ ಎನ್ನುವುದು ಅರ್ಥವಾಗಿರಲಿಲ್ಲ.

ಲಗ್ನಪತ್ರಿಕೆಯ ಅಳತೆಗೋಲು

ವಿಲ್ಸನ್ ಗಾರ್ಡನ್ ಕಡೆ ಒಬ್ಬರು ವಯಸ್ಸಾದ ಮೆಕ್ಯಾನಿಕ್ ಇದ್ದರು. ನಾವೆಲ್ಲ ಅವರನ್ನು ಅಣ್ಣ ಅನ್ನುತ್ತಿದ್ದೆವು. ಅಂಗಡಿ ಎತ್ತಿಬಿಟ್ಟಿದ್ದರು, ಗೊತ್ತಿದ್ದವರು ಮನೆಗೆ ಹೋದರೆ ಕಾರ್ಬ್ ಮಾತ್ರ ಕೈಯಲ್ಲಿ ಹಿಡಿದು ನೋಡಿಕೊಡುತ್ತಿದ್ದರು. ನಾನು ಎರಡೂ ಕಾರ್ಬ್ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಬ್ಯಾಗಿನಲ್ಲಿ ಹಾಕಿಕೊಂಡು ಹೋದೆ. ಜೊತೆಗೆ ಸೂಕ್ಷ್ಮ ಅಳತೆಗೆಂದು ಹೊಸದಾಗಿ ಕೊಂಡಿದ್ದ ಡಿಜಿಟಲ್ ವರ್ನಿಯರ್. ಕಾರ್ಬಿನ ತಳದಲ್ಲಿ ಪೆಟ್ರೋಲು ನಿಲ್ಲುವ ಬಟ್ಟಲೇ ಬೌಲ್. ಅದರೊಳಗೆ ತೇಲುವುದು ಫ್ಲೋಟು, ಪೆಟ್ರೋಲು ಏರಿದಂತೆ ತಾನೂ ಏರಿ ಒಂದು ಸೂಜಿಯನ್ನು ಒತ್ತಿ ಪೆಟ್ರೋಲು ಬರುವ ದಾರಿ ಮುಚ್ಚುತ್ತದೆ. ಅಣ್ಣ ಬೌಲ್ ಬಿಚ್ಚಿ ಕಾರ್ಬನ್ನು ತಲೆಕೆಳಗು ಮಾಡಿದರು. ಪೆಟ್ರೋಲ್ ಪೈಪು ಸೇರುವ ಮೂತಿಗೆ ಒಂದು ತುಂಡು ಟ್ಯೂಬ್ ಸಿಕ್ಕಿಸಿ ಬಾಯಲ್ಲಿ ಮೆಲ್ಲಗೆ ಊದುತ್ತಾ ಇನ್ನೊಂದು ಕೈಯ ಕಿರುಬೆರಳಿನಿಂದ ಫ್ಲೋಟನ್ನು ಎತ್ತಿ ಇಳಿಸಿದರು. ಗಾಳಿ ನಿಲ್ಲುವ ಜಾಗ ಅವರ ಕೆನ್ನೆಗೆ ಗೊತ್ತಾಗುತ್ತಿತ್ತು. "ಸೂಜಿ ಕೂತ್ಕೊಳ್ತಿದೆ, ಅದರ ತಂಟೆಯಿಲ್ಲ" ಎಂದರು. ನಾನು ವರ್ನಿಯರ್ ಮುಂದೆ ಮಾಡಿದೆ. ಅವರು ಅದನ್ನು ನೋಡಿ ಪಕ್ಕಕ್ಕಿಟ್ಟು, ಒಳಗಿನಿಂದ ಒಂದು ಲಗ್ನಪತ್ರಿಕೆ ತಂದರು. ದಪ್ಪ ರಟ್ಟು, ಅಂಚಿಗೆ ಚಿನ್ನದ ಬಣ್ಣ.

ವರ್ನಿಯರ್ ಯಾಕೆ ಬೇಡ ಎನ್ನುವುದನ್ನು ಅವರು ಮಾತಲ್ಲಿ ಹೇಳಲಿಲ್ಲ. ನನ್ನ ಕೈಗೆ ಕೊಟ್ಟು ಐದು ಸಲ ಅಳೆಯಿರಿ ಎಂದರು. ಐದು ಸಲಕ್ಕೆ ಐದು ಲೆಕ್ಕ ಬಂತು. ಫ್ಲೋಟು ಅನ್ನುವ ಹಿತ್ತಾಳೆಯ ಆ ಜೋಡಿ ಬುರುಡೆ ಎಷ್ಟು ಹಗುರ ಅಂದರೆ ವರ್ನಿಯರಿನ ಕಡ್ಡಿ ತಾಕಿದರೇ ಸಾಕು, ಸೂಜಿಯೊಳಗಿನ ಕೂದಲೆಳೆಯಂಥ ಸ್ಪ್ರಿಂಗ್ ಅದುಮಿ ಕೆಳಗೆ ಹೋಗುತ್ತದೆ. ಅಳೆಯುವ ಕೈಯೇ ಅಳತೆಯನ್ನು ಕೆಡಿಸುತ್ತದೆ. ಲಗ್ನಪತ್ರಿಕೆಯ ರಟ್ಟಿನಲ್ಲಿ ಬಾಗಿಲ ಚೌಕಟ್ಟಿನ ಹಾಗೆ ಒಂದು ಕಚ್ಚು ಕತ್ತರಿಸಿ, ಅದರ ಎರಡು ಕಾಲನ್ನು ಕಾರ್ಬಿನ ಮುಖದ ಮೇಲೆ ನಿಲ್ಲಿಸಿದರೆ ಫ್ಲೋಟು ಆ ಚೌಕಟ್ಟಿನ ಕೆಳಗೆ ಇರುತ್ತದೆ. ಮುಟ್ಟಿಸಬೇಕಾಗಿಲ್ಲ, ಒತ್ತಬೇಕಾಗಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ರಟ್ಟಿಗೂ ಹಿತ್ತಾಳೆಗೂ ನಡುವೆ ಬೆಳಕಿನ ಗೆರೆ ಕಾಣುತ್ತದೆ, ಇಲ್ಲವೇ ಕಾಣುವುದಿಲ್ಲ. ಕಣ್ಣಿಗೆ ಕೂದಲೆಳೆಯಷ್ಟು ಬೆಳಕೂ ಗೊತ್ತಾಗುತ್ತದೆ. ಆ ರಟ್ಟನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ. ಒಂದು ಮೂಲೆಯಲ್ಲಿ "ಮಂಟಪಪೂಜೆ" ಎಂಬ ಅಕ್ಷರ ಅರ್ಧ ಉಳಿದಿದೆ.

ಫ್ಲೋಟಿನ ಎತ್ತರ ಎಷ್ಟು ಮಿಲಿಮೀಟರ್ ಇರಬೇಕು ಎಂದು ಇಲ್ಲಿ ಬರೆಯುವುದಿಲ್ಲ. ಮುಚ್ಚಿಡಬೇಕೆಂದಲ್ಲ. ನಲವತ್ತು ವರ್ಷದ ಗಾಡಿಗಳ ಮೇಲೆ ಈಗ ಕೂತಿರುವ ಕಾರ್ಬುಗಳು ಎಲ್ಲೆಲ್ಲಿಂದಲೋ ಬಂದವು. ಒಂದರ ಅಳತೆ ಇನ್ನೊಂದಕ್ಕೆ ಹಾಕಿ ಇಂಜಿನ್ ಕಳೆದುಕೊಂಡವರನ್ನು ಕಂಡಿದ್ದೇನೆ. ಕಾರ್ಬಿನ ಮೈಮೇಲೆ ಕೊರೆದ ಗುರುತು ಓದಿ, ಅದರದೇ ಪುಸ್ತಕ ನೋಡಿ. ಒಂದು ಮಾತು ಮಾತ್ರ ನೆನಪಿರಲಿ, ಎಲ್ಲರೂ ಎಡವುವುದು ಇಲ್ಲೇ: ತಲೆಕೆಳಗು ಮಾಡಿ ಅಳೆಯುವಾಗ ಫ್ಲೋಟಿನ ಎತ್ತರ ಹೆಚ್ಚಿದ್ದಷ್ಟೂ ಬೌಲಿನೊಳಗೆ ಪೆಟ್ರೋಲ್ ಮಟ್ಟ ಕಡಿಮೆ. ಸೂಜಿ ಬೇಗ ಬಾಯಿ ಮುಚ್ಚುತ್ತದೆ. ಎತ್ತರ ಕಡಿಮೆ ಮಾಡಿದರೆ ಪೆಟ್ರೋಲ್ ಮೇಲೇರುತ್ತದೆ. ಮಟ್ಟ ಮೇಲಿದ್ದಷ್ಟೂ ಇಂಜಿನ್ನಿಗೆ ಹೋಗುವ ಪೆಟ್ರೋಲು ಹೆಚ್ಚು.

ಬಗ್ಗಿಸಬೇಕಾದದ್ದು ಫ್ಲೋಟಿನ ತೋಳುಗಳನ್ನಲ್ಲ, ನಡುವೆ ಸೂಜಿಯ ತಲೆ ಮೇಲೆ ಕೂರುವ ಪುಟ್ಟ ನಾಲಗೆಯನ್ನು. ಅದಕ್ಕೆ ಅಣ್ಣನ ಬಳಿ ಇದ್ದ ಹತಾರ ಒಂದು ಸೈಕಲ್ ಕಡ್ಡಿ. ತುದಿಯನ್ನು ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ, ಹ್ಯಾಕ್ಸಾ ಬ್ಲೇಡಿನಲ್ಲಿ ಸೀಳಿ, ಅರದಿಂದ ನಯ ಮಾಡಿದ್ದು. ಸೀಳನ್ನು ನಾಲಗೆಗೆ ಸಿಕ್ಕಿಸಿ ಕಡ್ಡಿಯ ಇನ್ನೊಂದು ತುದಿಯನ್ನು ಒಂದು ಅಕ್ಕಿಕಾಳಿನಷ್ಟು ಸರಿಸಿದರೆ ನಾಲಗೆ ಇಷ್ಟೇ ಇಷ್ಟು ಬಗ್ಗುತ್ತದೆ. ನಾಲಗೆ ಕೀಲಿಗೆ ಹತ್ತಿರ, ಬುರುಡೆ ಕೀಲಿನಿಂದ ದೂರ. ಹಾಗಾಗಿ ಇಲ್ಲಿ ಒಂದು ಕೂದಲೆಳೆ ಸರಿದರೆ ಅಲ್ಲಿ ಕಣ್ಣಿಗೆ ಕಾಣುವಷ್ಟು ಏರುತ್ತದೆ. ಸೂಜಿಯನ್ನು ಅದರ ಸೀಟಿಗೆ ಒತ್ತಿಕೊಂಡೇ ಬಗ್ಗಿಸಿದರೆ ಸೂಜಿಯ ರಬ್ಬರ್ ತುದಿಗೆ ಬಳೆಯಂಥ ಗುರುತು ಬಿದ್ದು ಸೋರಲು ಶುರುವಾಗುತ್ತದೆ. ಅದಕ್ಕೇ ಅಣ್ಣ ಪ್ರತಿ ಸಲವೂ ಕೀಲಿನ ಪಿನ್ ಎಳೆದು, ಫ್ಲೋಟನ್ನು ಹೊರಗೆ ತೆಗೆದು, ಬಗ್ಗಿಸಿ, ಮತ್ತೆ ಕೂರಿಸಿ ನೋಡುತ್ತಿದ್ದರು. ಒಂದೊಂದು ಕಾರ್ಬಿಗೆ ಹತ್ತು ಹನ್ನೆರಡು ಸಲ. ಅಷ್ಟು ತಾಳ್ಮೆ ನಾನು ಅದಕ್ಕೆ ಮೊದಲು ಯಾರ ಕೈಯಲ್ಲೂ ನೋಡಿರಲಿಲ್ಲ.

ಎರಡೂ ಕಾರ್ಬು ಒಂದೇ ರಟ್ಟಿಗೆ ಸರಿಹೊಂದಿದವು. ಮನೆಗೆ ಬಂದು ಕೂರಿಸಿ, ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿವರೆಗೆ ಹೋಗಿಬಂದು ಪ್ಲಗ್ ಬಿಚ್ಚಿದೆ. ಬಲಗಡೆ ಬಿಳಿ.

ಮೇಸ್ತ್ರಿಯ ಪೈಪು

ಆಮೇಲೆ ಲಾಕ್‌ಡೌನ್ ಬಂತು, ಅಣ್ಣ ಊರು ಸೇರಿದರು, ಗಾಡಿ ಹೊದಿಕೆ ಹೊದ್ದುಕೊಂಡು ನಿಂತಿತು. ನಾನು ಅದರ ಪಕ್ಕದ ಮೆಟ್ಟಿಲ ಮೇಲೆ ಕೂತು ಕೂತು ಯೋಚಿಸುತ್ತಿದ್ದೆ. ಒಂದು ಸಂಜೆ ಮಳೆ ನಿಂತ ಮೇಲೆ ಪೋರ್ಟಿಕೋದ ನೀರೆಲ್ಲ ಗೇಟಿನ ಕಡೆ ಹರಿದು ಹೋಗುವುದನ್ನು ನೋಡುತ್ತಾ ಈ ಇಳಿಜಾರು ಹಾಕಿದ ಮೇಸ್ತ್ರಿ ನೆನಪಾದರು.

ನಾಗರಬಾವಿಯಲ್ಲಿ ಅಪ್ಪ ಈ ಮನೆ ಕಟ್ಟಿಸಿದ್ದು 1992ರಲ್ಲಿ. ನನಗೆ ಹನ್ನೊಂದು ವರ್ಷ. ಬೇಸಿಗೆ ರಜೆ ಪೂರ್ತಿ ಸೈಟಿನಲ್ಲೇ ಇರುತ್ತಿದ್ದೆ. ಗಾರೆ ಮೇಸ್ತ್ರಿ ಮಾಗಡಿ ಕಡೆಯವರು. ತೂಗುಗುಂಡು, ರಸಮಟ್ಟ, ನೂಲು ಎಲ್ಲ ಒಂದು ಸಿಮೆಂಟ್ ಚೀಲದಲ್ಲಿ ಇರುತ್ತಿದ್ದವು. ಆದರೆ ಪಿಲ್ಲರಿನಿಂದ ಪಿಲ್ಲರಿಗೆ ಮಟ್ಟದ ಗುರುತು ಹಾಕುವ ದಿನ ಅವರು ಹೊರಗೆ ತೆಗೆಯುತ್ತಿದ್ದದ್ದು ಒಂದು ಉದ್ದನೆಯ ಪಾರದರ್ಶಕ ಪೈಪು. ಅದರೊಳಗೆ ನೀರು. ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ಹಿಡಿಯುವ ಕೆಲಸ ನನ್ನದು. ಮೊದಲ ದಿನ ನಾನು ಪೈಪನ್ನು ಪಿಲ್ಲರಿಗೆ ಒತ್ತಿ ಹಿಡಿದು, ನೀರು ಏರಿಳಿಯುತ್ತಿದ್ದ ಹಾಗೇ "ಬಂತು, ಬಂತು" ಎಂದು ಕೂಗಿದೆ. ಅವರು ಅಲ್ಲಿಂದಲೇ, "ತಡ್ಕೋ ಮರಿ. ನೀರು ನಿಂತ್ಕೊಳ್ಳಿ ಬುಡು" ಎಂದರು. ನಿಂತ ಮೇಲೂ ಗುರುತು ಹಾಕಲಿಲ್ಲ. ನಡೆದು ಬಂದು, ಪೈಪಿನ ಉದ್ದಕ್ಕೂ ಬಗ್ಗಿ ನೋಡುತ್ತಾ, ನಡುವೆ ಒಂದು ಕಡೆ ಬೆರಳಿನಿಂದ ತಟ್ಟಿದರು. ಒಂದು ಗುಳ್ಳೆ ಕುಣಿಯುತ್ತಾ ನನ್ನ ತುದಿಯ ಕಡೆಗೆ ಬಂದು ಒಡೆಯಿತು. ನನ್ನ ಕಣ್ಣೆದುರೇ ನೀರು ಒಂದು ಬೆರಳಿನಷ್ಟು ಇಳಿಯಿತು. "ನೀರು ಸುಳ್ಳು ಹೇಳಾಕಿಲ್ಲ ಮರಿ. ಗುಳ್ಳೆ ಹೇಳ್ತದೆ" ಎಂದರು. ಆಮೇಲೆ ಕಿವಿ ಮೇಲಿನ ಕೆಂಪು ಪೆನ್ಸಿಲ್ ತೆಗೆದು ಗೆರೆ ಎಳೆದರು.

ಅಪ್ಪ ಆಗ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಕೆಲಸ ಮಾಡುತ್ತಿದ್ದರು, ಮೈಕ್ರೋಮೀಟರ್ ಹಿಡಿದು ದಿನ ಕಳೆಯುವವರು. ಸಂಜೆ ಬಂದು ತಮ್ಮ ಟೇಪಿನಲ್ಲಿ ನೆಲದಿಂದ ಪ್ರತಿ ಗುರುತಿನವರೆಗೆ ಅಳೆದರು. ಎಲ್ಲ ಬೇರೆಬೇರೆ ಬಂತು. "ಏನ್ರೀ ಮೇಸ್ತ್ರಿಗಳೇ, ಅರ್ಧ ಇಂಚು ವ್ಯತ್ಯಾಸ ಇದೆಯಲ್ಲ" ಎಂದು ಕೇಳಿದರು. ಮೇಸ್ತ್ರಿ, "ನೆಲ ಏರುಪೇರೈತೆ ಸಾಮಿ. ನಿಮಗೆ ಬೇಕಾಗಿರೋದು ನೆಲದ ಲೆಕ್ಕವೋ, ಮಟ್ಟದ ಲೆಕ್ಕವೋ?" ಎಂದರು. ಅಪ್ಪ ಒಂದು ಗಳಿಗೆ ಸುಮ್ಮನಿದ್ದು ಟೇಪ್ ಸುತ್ತಿ ಜೇಬಿಗೆ ಹಾಕಿಕೊಂಡರು. ಮೂವತ್ತು ವರ್ಷ ಈ ಮಾತು ನನ್ನೊಳಗೆ ಎಲ್ಲಿ ಕೂತಿತ್ತೋ, ಆ ಸಂಜೆ ಮೆಟ್ಟಿಲ ಮೇಲೆ ಎದ್ದುಬಂತು. ನಾನು ಅಲ್ಲಿಯತನಕ ಅಳೆದದ್ದೆಲ್ಲ ಹಿತ್ತಾಳೆಯ ಎತ್ತರ. ಇಂಜಿನ್ನಿಗೆ ಬೇಕಾದದ್ದು ಪೆಟ್ರೋಲಿನ ಮಟ್ಟ. ಫ್ಲೋಟಿನ ಎತ್ತರ ಸರಿಯಿದ್ದರೆ ಪೆಟ್ರೋಲ್ ಮಟ್ಟವೂ ಸರಿಯಿರುತ್ತದೆ ಎಂದು ಪುಸ್ತಕ ನಂಬಿಕೊಂಡಿದೆ, ಪುಸ್ತಕ ಬರೆದಾಗ ಫ್ಲೋಟು ಹೊಸದಾಗಿತ್ತು.

ಮೆಡಿಕಲ್ ಶಾಪಿನಿಂದ ತಂದ ಹತಾರ

ಬೌಲಿನ ತಳದಲ್ಲಿ ಪೆಟ್ರೋಲ್ ಬಸಿಯಲು ಒಂದು ಬೋಲ್ಟ್ ಇರುತ್ತದೆ. ಅದಕ್ಕೆ ತೂತು ಹೊಡೆದು ಪಾರದರ್ಶಕ ಪೈಪು ಸಿಕ್ಕಿಸಿ ಮೇಲಕ್ಕೆ ಹಿಡಿದರೆ, ಬೌಲಿನೊಳಗೆ ಪೆಟ್ರೋಲು ಎಲ್ಲಿದೆಯೋ ಪೈಪಿನಲ್ಲೂ ಅಲ್ಲೇ ನಿಲ್ಲುತ್ತದೆ. ಮೇಸ್ತ್ರಿಯ ಪೈಪೇ. ಹೊಸ ವಿದ್ಯೆಯೇನಲ್ಲ, ಹಳೇ ಗಾಡಿಯವರು ಬೇರೆಬೇರೆ ಊರುಗಳಲ್ಲಿ ಮಾಡುತ್ತಲೇ ಬಂದಿದ್ದಾರೆ. ಜೆ.ಸಿ. ರಸ್ತೆಯಲ್ಲಿ ಎರಡು ಹಳೇ ಬೋಲ್ಟ್ ಹುಡುಕಿ ತಂದು, ಕಾಮಾಕ್ಷಿಪಾಳ್ಯದ ಒಂದು ಲೇತ್ ಅಂಗಡಿಯಲ್ಲಿ ನಟ್ಟನಡುವೆ ತೂತು ಹಾಕಿಸಿದೆ. ಆ ಹುಡುಗ ದುಡ್ಡು ತೆಗೆದುಕೊಳ್ಳಲಿಲ್ಲ, ಗಾಡಿ ಸರಿಹೋದ ಮೇಲೆ ಒಂದು ರೌಂಡ್ ಕೊಡಿ ಸಾರ್ ಎಂದ. ತೂತಿಗೆ ಹಿತ್ತಾಳೆಯ ಹಳೇ ಪೆನ್ ರೀಫಿಲ್ ಕತ್ತರಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಬೆಸುಗೆ ಹಾಕಿದೆ. ಪೈಪಿಗೆ ಮೆಡಿಕಲ್ ಶಾಪಿನಲ್ಲಿ ಡ್ರಿಪ್ ಸೆಟ್ ಕೊಂಡೆ.

ಮೊದಲ ಪ್ರಯತ್ನ ತಪ್ಪಾಯಿತು. ಡ್ರಿಪ್ ಪೈಪಿನ ಒಳಗಿನ ಸಂದು ಸುಮಾರು ಮೂರು ಮಿಲಿಮೀಟರ್. ಅಷ್ಟು ಸಪೂರ ಪೈಪಿನಲ್ಲಿ ಪೆಟ್ರೋಲ್ ಗೋಡೆ ಹಿಡಿದು ತನ್ನಷ್ಟಕ್ಕೇ ಮೇಲೇರುತ್ತದೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ. ಲೆಕ್ಕ ಹಾಕಿ ನೋಡಿದರೆ ಆ ಏರಿಕೆಯೇ ನಾಲ್ಕು ಮಿಲಿಮೀಟರ್ ಹತ್ತಿರ. ನಾನು ಹುಡುಕುತ್ತಿದ್ದ ವ್ಯತ್ಯಾಸಕ್ಕಿಂತ ಅದು ದೊಡ್ಡದು. ಪೈಪು ಕೈಯಲ್ಲಿ ಹಿಡಿದು ಕೂತಿದ್ದಾಗ ಉತ್ತರ ಅದೇ ಸೆಟ್ಟಿನಲ್ಲಿ ಕಂಡಿತು. ಹನಿ ಬೀಳುವುದನ್ನು ನರ್ಸ್ ಎಣಿಸುತ್ತಾರಲ್ಲ, ಆ ಅಗಲದ ಕೊಳವೆ. ಹೆಬ್ಬೆರಳಿನ ದಪ್ಪ, ಗಾಜಿನಷ್ಟು ತಿಳಿ. ಅದರ ನೆತ್ತಿ ಬ್ಲೇಡಿನಲ್ಲಿ ಕತ್ತರಿಸಿ ನೆಟ್ಟಗೆ ನಿಲ್ಲಿಸಿದರೆ ಪೆಟ್ರೋಲು ಅದರೊಳಗೆ ಬಟ್ಟಲಲ್ಲಿ ನಿಂತ ಹಾಗೆ ಸಮನಾಗಿ ನಿಲ್ಲುತ್ತದೆ. ಪೈಪಿನ ಮೇಲಿನ ಪುಟ್ಟ ಚಕ್ರದ ಕ್ಲಿಪ್ಪು ನಲ್ಲಿಯ ಕೆಲಸ ಮಾಡುತ್ತದೆ. ಇನ್ನೊಂದು ಸೆಟ್ ತಂದು ಎರಡು ಮಾಡಿದೆ, ಒಂದೊಂದು ಕಾರ್ಬಿಗೆ ಒಂದೊಂದು. (ಈ ಪೈಪು ಪೆಟ್ರೋಲಿಗೆ ಹೆಚ್ಚು ಹೊತ್ತು ತಾಳುವುದಿಲ್ಲ. ಒಂದೆರಡು ದಿನದಲ್ಲಿ ಹಳದಿಗಟ್ಟಿ ಕಡ್ಡಿಯ ಹಾಗೆ ಗಟ್ಟಿಯಾಗುತ್ತದೆ. ಒಂದು ಸಲದ ಕೆಲಸಕ್ಕೆ ಒಂದು ಸೆಟ್, ಮುಗಿದ ಮೇಲೆ ಎಸೆದುಬಿಡಿ. ಗಾಡಿಗೆ ಇದನ್ನೇ ಪೆಟ್ರೋಲ್ ಪೈಪಾಗಿ ಹಾಕುವ ಯೋಚನೆ ಖಂಡಿತ ಮಾಡಬೇಡಿ.)

2022ರ ಫೆಬ್ರವರಿಯ ಒಂದು ಭಾನುವಾರ, ಬೆಳಕು ಹರಿಯುತ್ತಿದ್ದ ಹಾಗೇ ಶುರು ಮಾಡಿದೆ. ಪೆಟ್ರೋಲ್ ಬಯಲಲ್ಲಿರುವ ಕೆಲಸ, ರಾತ್ರಿ ಬಲ್ಬ್ ಹಚ್ಚಿಕೊಂಡು ಮಾಡುವಂಥದ್ದಲ್ಲ. ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟುಕೊಂಡೆ, ಪಕ್ಕದ ಮನೆಯ ತಾತನಿಗೆ ಈ ಕಡೆ ಬೀಡಿ ಹಚ್ಚಬೇಡಿ ಎಂದು ಹೇಳಿಬಂದೆ. ಮೇಸ್ತ್ರಿ ಹಾಕಿದ ಇಳಿಜಾರು ಇಲ್ಲಿ ನನಗೆ ಅಡ್ಡ ಬಂತು. ಗಾಡಿ ವಾಲಿ ನಿಂತರೆ ಎರಡು ಕಾರ್ಬೂ ಒಂದೇ ಎತ್ತರದಲ್ಲಿ ಇರುವುದಿಲ್ಲ. ಸ್ಟ್ಯಾಂಡಿನ ಒಂದು ಕಾಲಿನ ಕೆಳಗೆ ಒಡೆದ ಕಡಪ ಕಲ್ಲಿನ ಚೂರು, ಅದರ ಮೇಲೆ ಎರಡು ಮಡಿಕೆ ರಟ್ಟು ಕೊಟ್ಟು, ಎರಡು ಕಾರ್ಬಿನ ಮೇಲೂ ಅಡ್ಡಲಾಗಿ ಒಂದು ಪಟ್ಟಿ ಇಟ್ಟು ಅಪ್ಪನ ರಸಮಟ್ಟದಲ್ಲಿ ಗುಳ್ಳೆ ನಡುವೆ ಬರುವ ತನಕ ಒದ್ದಾಡಿದೆ. ಟ್ಯಾಂಕ್ ಬಿಚ್ಚಿ, ಅದರ ಬದಲಿಗೆ ಕಾಕ್ ಬೆಸೆದ ಒಂದು ತಗಡಿನ ಡಬ್ಬಿಯನ್ನು ಟ್ಯಾಂಕ್ ಇರುವ ಎತ್ತರಕ್ಕೇ ತೂಗುಹಾಕಿದೆ. ಎತ್ತರ ಬದಲಾದರೆ ಸೂಜಿಯ ಮೇಲೆ ಪೆಟ್ರೋಲಿನ ಒತ್ತಡವೂ ಬದಲಾಗುತ್ತದೆ. ಎರಡು ಪೈಪನ್ನೂ ಗಾಡಿಯ ಎಡಗಡೆಗೇ ತಂದು, ಎರಡು ಕೊಳವೆಯನ್ನೂ ಒಂದೇ ಸ್ಕೂಲ್ ಸ್ಕೇಲಿಗೆ ಪಕ್ಕಪಕ್ಕ ಕಟ್ಟಿದೆ.

ಕಾಕ್ ತಿರುಗಿಸಿದೆ. ಪೆಟ್ರೋಲ್ ಬೌಲ್ ತುಂಬುವ ಸಣ್ಣ ಗುಳುಗುಳು ಕೇಳಿಸಿತು. ಕೊಳವೆಗಳಲ್ಲಿ ತಿಳಿಗೆಂಪು ಬಣ್ಣ ಏರತೊಡಗಿತು, ಎರಡೂ ಜೊತೆಜೊತೆಗೆ. ಬಲಗಡೆಯದು ನಿಂತಿತು. ಎಡಗಡೆಯದು ನಿಲ್ಲಲಿಲ್ಲ. ಇನ್ನೂ ಸ್ವಲ್ಪ ಏರಿ, ಆಮೇಲೆ ನಿಂತಿತು. ನಾನು ಪೈಪಿನ ಉದ್ದಕ್ಕೂ ಬೆರಳಿನಿಂದ ತಟ್ಟುತ್ತಾ ಬಂದೆ. ಎಡಗಡೆ ಎರಡು ಗುಳ್ಳೆ ಎದ್ದು ಹೋದವು, ಮಟ್ಟ ತುಸು ಅಲುಗಾಡಿ ಮತ್ತೆ ಅಲ್ಲೇ ಬಂದು ಕೂತಿತು. ಐದು ನಿಮಿಷ ಬಿಟ್ಟು ನೋಡಿದೆ, ಹತ್ತು ನಿಮಿಷ ಬಿಟ್ಟು ನೋಡಿದೆ. ಮೂರು ಮಿಲಿಮೀಟರ್. ಲಗ್ನಪತ್ರಿಕೆಯ ಒಂದೇ ಕಚ್ಚಿಗೆ ಕೂದಲೆಳೆಯೂ ತಪ್ಪದೆ ಕೂತಿದ್ದ ಎರಡು ಕಾರ್ಬುಗಳ ನಡುವೆ ಮೂರು ಮಿಲಿಮೀಟರ್. ಬೌಲಿನ ಅಂಚಿನಿಂದ ಲೆಕ್ಕ ಹಾಕಿದರೆ ಪುಸ್ತಕದ ಪ್ರಕಾರ ಸರಿಯಾದ ಜಾಗದಲ್ಲಿ ನಿಂತದ್ದು ಬಲಗಡೆಯದು. ಕಾಫಿ ಬೀಜದ ಬಣ್ಣದ ಎಡಗಡೆ, ನಾನು ಮೂರು ವರ್ಷ ಆರೋಗ್ಯವಾಗಿದೆ ಎಂದುಕೊಂಡಿದ್ದ ಎಡಗಡೆ, ಅದೇ ಕೆಟ್ಟಿತ್ತು.

ಎಡಗಡೆ ಫ್ಲೋಟು ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಪೆಟ್ರೋಲ್ ತುಳುಕಿದ ಸದ್ದು. ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಅದನ್ನು ಅಲ್ಲಾಡಿಸಿ ನೋಡಬೇಕೆಂದು ನನಗಾಗಲೀ ಯಾರಿಗಾಗಲೀ ಹೊಳೆದಿರಲಿಲ್ಲ. ಬುರುಡೆಯೊಳಗೆ ಪೆಟ್ರೋಲ್ ಹೊಕ್ಕರೆ ಅದು ಭಾರವಾಗುತ್ತದೆ, ಆಳಕ್ಕೆ ಮುಳುಗಿ ತೇಲುತ್ತದೆ, ಸೂಜಿ ಮುಚ್ಚುವ ಹೊತ್ತಿಗೆ ಪೆಟ್ರೋಲು ಬೇಕಾದ್ದಕ್ಕಿಂತ ಮೇಲೇರಿರುತ್ತದೆ. ಆದರೆ ತಲೆಕೆಳಗು ಹಿಡಿದು ರಟ್ಟಿನಲ್ಲಿ ಅಳೆದರೆ ಭಾರದ ಫ್ಲೋಟೂ ಹಗುರದ ಫ್ಲೋಟೂ ಒಂದೇ ಎತ್ತರ ತೋರಿಸುತ್ತವೆ. ತೂಕ ಆ ಅಳತೆಯೊಳಗೆ ಬರುವುದೇ ಇಲ್ಲ.

ಉಳಿದ ಕಥೆ ಮೈನ್ ಜೆಟ್‌ಗಳ ಮೇಲೆ ಬರೆದಿತ್ತು. ಬೌಲಿನಿಂದ ಇಂಜಿನ್ನಿಗೆ ಪೆಟ್ರೋಲು ಹಾಯುವ ತೂತಿರುವ ಪುಟ್ಟ ತುಂಡು ಅದು, ಮೇಲಿನ ಅಂಕಿ ಸಣ್ಣದಾದರೆ ತೂತೂ ಸಣ್ಣದು. ಎರಡನ್ನೂ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದೆ. ಎರಡರ ಮೇಲೂ ಇರಬೇಕಾದ್ದಕ್ಕಿಂತ ಸಣ್ಣ ಅಂಕಿ. ನನಗಿಂತ ಮುಂಚೆ ಯಾರೋ, ಎಡಗಡೆ ಸೈಲೆನ್ಸರಿನಿಂದ ಹೊಗೆ ಜಾಸ್ತಿ ಬರುತ್ತಿದೆ, ಪ್ಲಗ್ ಕಪ್ಪಾಗುತ್ತಿದೆ ಎಂದು ಎರಡೂ ಕಡೆ ಜೆಟ್ ಸಣ್ಣದು ಮಾಡಿದ್ದರು. ಎಡಗಡೆ ಮಟ್ಟ ಹೆಚ್ಚು, ಜೆಟ್ ಸಣ್ಣದು. ಎರಡು ತಪ್ಪು ಸೇರಿ ಒಂದು ಸರಿಯಾಗಿ ಪ್ಲಗ್ಗಿಗೆ ಒಳ್ಳೆ ಬಣ್ಣ ಬಂತು. ಬಲಗಡೆ ಮಟ್ಟ ಸರಿಯಿತ್ತು. ಅದಕ್ಕೂ ಜೆಟ್ ಸಣ್ಣದು ಮಾಡಿದ್ದರಿಂದ ಅದು ಒಣಗಿತು. ಕಾಯಿಲೆ ಎಡಗಡೆಯದು, ಪಥ್ಯ ಬಲಗಡೆಗೆ, ನೆಲ್ಯಾಡಿಯಲ್ಲಿ ಕಚ್ಚಿಕೊಂಡದ್ದೂ ಅದೇ. ಆ ಸಿಲಿಂಡರನ್ನು ಎಷ್ಟು ವರ್ಷ ಬ್ಲಾಕಿನದೇ ದೋಷ, ಪಿಸ್ಟನ್ನಿನದೇ ದೋಷ ಎಂದು ಬೈದಿದ್ದೆ. ಆ ಬೆಳಗ್ಗೆ ಅದರ ಫಿನ್ನುಗಳ ಮೇಲೆ ಕೈಯಿಟ್ಟು ಸುಮ್ಮನೆ ಕೂತುಬಿಟ್ಟೆ.

ಎರಡು ಗ್ರಾಂ

ಹೊಸ ಫ್ಲೋಟ್ ಕೊಳ್ಳಬಹುದಿತ್ತು. ಹೊಸದಾಗಿ ಸಿಗುವವು ಎರಡು ತಂದರೆ ಎರಡೂ ಒಂದೇ ತೂಕ ಇರುವುದಿಲ್ಲ ಎನ್ನುವುದು ನನ್ನ ಅನುಭವ. ಹಳೆಯದನ್ನೇ ಉಳಿಸಿಕೊಳ್ಳೋಣ ಎಂದುಕೊಂಡೆ. ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿದೆ. ಒಳಗಿನ ಗಾಳಿ ಹಿಗ್ಗಿ, ಬುರುಡೆಯ ಎರಡು ಚಿಪ್ಪು ಸೇರುವ ಕಡೆಯಿಂದ ಸಾಸಿವೆಯಂಥ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಅಲ್ಲಿ ಮೊಳೆಯಿಂದ ಗೀರಿದೆ. ಸೂಜಿಯಿಂದ ಅದೇ ಜಾಗ ಇಷ್ಟೇ ಇಷ್ಟು ಅಗಲಿಸಿ ತಾರಸಿಯ ಬಿಸಿಲಿನಲ್ಲಿ ನಾಲ್ಕು ದಿನ ಬಿಟ್ಟೆ. ಒಳಗೆ ಪೆಟ್ರೋಲಿನ ವಾಸನೆ ಇರುವತನಕ ಬಿಸಿ ಕಬ್ಬಿಣ ಹತ್ತಿರ ತರಬಾರದು.

ಬೆಸುಗೆಯಲ್ಲಿ ಒಂದು ತೊಡಕಿದೆ. ತೂತು ಮುಚ್ಚುವ ಹೊತ್ತಿಗೆ ಬುರುಡೆ ಕಾದಿರುತ್ತದೆ, ಒಳಗಿನ ಗಾಳಿ ಹಿಗ್ಗಿ ಇನ್ನೂ ಕರಗಿದಂತಿರುವ ಬೆಸುಗೆಯನ್ನೇ ಊದಿ ಮತ್ತೆ ತೂತು ಮಾಡುತ್ತದೆ. ಮೂರು ಸಲ ಹಾಗಾಯಿತು. ಕೊನೆಗೆ ಸೀಳಿನಿಂದ ದೂರದಲ್ಲಿ, ಬುರುಡೆಯ ನೆತ್ತಿಯಲ್ಲಿ ಗುಂಡುಸೂಜಿಯ ತೂತೊಂದು ಮಾಡಿದೆ. ಗಾಳಿ ಅಲ್ಲಿಂದ ಹೋಗಲಿ ಎಂದು ಬಿಟ್ಟು ಮೊದಲು ಸೀಳು ಮುಚ್ಚಿದೆ. ಎಲ್ಲ ಆರಿದ ಮೇಲೆ ನೆತ್ತಿಯ ತೂತಿಗೆ ಕಬ್ಬಿಣ ಒಂದು ಕ್ಷಣ ತಾಗಿಸಿ ಒಂದೇ ಹನಿಯಲ್ಲಿ ಮುಚ್ಚಿದೆ. ನಿಂತಿತು. ಹೆಚ್ಚಾದ ಸೀಸವನ್ನು ಅರದಿಂದ ಉಜ್ಜಿ ಉಜ್ಜಿ ತೆಗೆದೆ. ಅದೂ ತೂಕವೇ.

ತೂಕಕ್ಕೆ ಎರಡು ಫ್ಲೋಟನ್ನೂ ನಗರ್ತಪೇಟೆಯ ಪರಿಚಯದ ಅಕ್ಕಸಾಲಿಯ ಬಳಿ ಒಯ್ದೆ. ಪೆಟ್ರೋಲ್ ಇದ್ದಾಗ ಒಂದು ಸಲ ಒಯ್ದಿದ್ದೆ, ಆಗ ಎರಡಕ್ಕೂ ವ್ಯತ್ಯಾಸ ಎರಡು ಗ್ರಾಂ ಹತ್ತಿರ ಇತ್ತು. ಅಂದರೆ ಅರ್ಧ ಚಮಚ ಪೆಟ್ರೋಲು. ಅರ್ಧ ಚಮಚಕ್ಕೆ ಮೂರು ಮಿಲಿಮೀಟರ್ ಮಟ್ಟ, ಅದಕ್ಕೆ ಒಂದು ಪಿಸ್ಟನ್. ಈ ಸಲ ಅವರು ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿ ಒಂದೊಂದನ್ನೇ ತೂಗಿ, "ಹತ್ತು ಮಿಲಿಗ್ರಾಂ ಹೆಚ್ಚೂಕಮ್ಮಿ ಅಷ್ಟೇ. ಇದನ್ನ ಕಿವಿಗೆ ಹಾಕ್ಕೊಬಹುದು" ಎಂದು ನಗುತ್ತಾ ಕೈಗಿಟ್ಟರು. ಮತ್ತೆ ಕಡಪ ಕಲ್ಲು, ತಗಡಿನ ಡಬ್ಬಿ, ಹೊಸ ಡ್ರಿಪ್ ಸೆಟ್. ಎರಡು ಕೊಳವೆಯ ಪೆಟ್ರೋಲೂ ಸ್ಕೇಲಿನ ಒಂದೇ ಗೆರೆಯ ಮೇಲೆ ಬಂದು ನಿಂತಾಗ ನಾನು ಕೂಗಲಿಲ್ಲ. ನೀರು ನಿಂತುಕೊಳ್ಳಲಿ ಎಂದು ಕಾಯುತ್ತಾ ಕೂತಿದ್ದೆ. ಪುಸ್ತಕದಲ್ಲಿದ್ದ ಅಂಕಿಯ ಜೆಟ್ ಹಾಕಿದೆ. ಹಾಸನದ ತನಕ ಹೋಗಿಬಂದೆ. ಎರಡು ಪ್ಲಗ್ಗೂ ಕಾಫಿ ಬೀಜ. ಲೇತ್ ಹುಡುಗನಿಗೆ ಕೊಟ್ಟ ಮಾತಿನಂತೆ ಒಂದು ರೌಂಡ್ ಕೊಟ್ಟೆ.

ಅಲ್ಲಿಗೆ ಮುಗಿಯಲಿಲ್ಲ, ಯಾಕೆಂದರೆ ಪೆಟ್ರೋಲೇ ಬದಲಾಯಿತು. ಶೇ 20 ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ, ಇಂಧನ ಸಪ್ತಾಹದ ವೇದಿಕೆಯಲ್ಲಿ. ಈಗ ಬಂಕಿನಲ್ಲಿ ಸಿಗುವುದು ಅದೇ. ಒಂದು ಗ್ರಾಂ ಪೆಟ್ರೋಲ್ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು, ಎಥನಾಲಿಗೆ 9 ಸಾಕು. ಹಾಗಾಗಿ ಹಳೇ ಹದದ ಕಾರ್ಬಿಗೆ ಈ ಬೆರಕೆ ಹಾಕಿದರೆ ಗಾಳಿ ಹೆಚ್ಚಾಗಿ ಉರಿ ಒಣಗುತ್ತದೆ. ಹಳೇ ರಬ್ಬರು ಉಬ್ಬುತ್ತದೆ, ನಿಲ್ಲಿಸಿಟ್ಟ ಗಾಡಿಯ ಬೌಲಿನಲ್ಲಿ ನೀರು ಸೇರಿಕೊಂಡು ಬಿಳಿ ಪುಡಿ ಕೂರುತ್ತದೆ. ವಾರಕ್ಕೊಮ್ಮೆಯೂ ಓಡದ ಗಾಡಿಯಾದರೆ ಬೌಲ್ ಬಸಿದೇ ನಿಲ್ಲಿಸಿ. ಎಥನಾಲ್ ಪೆಟ್ರೋಲಿಗಿಂತ ತುಸು ಭಾರ ಎನ್ನುವುದರಿಂದ ಫ್ಲೋಟ್ ಮಟ್ಟ ಬದಲಾಗುತ್ತದೋ ಎಂದು ಕಳೆದ ತಿಂಗಳು ಮತ್ತೆ ಡ್ರಿಪ್ ಸೆಟ್ ಕಟ್ಟಿ ನೋಡಿದೆ. ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಿಲ್ಲ, ಎರಡೂ ಅದೇ ಗೆರೆಯ ಮೇಲೆ ನಿಂತಿವೆ.

ಆದರೆ ಪ್ಲಗ್ಗುಗಳು ಮತ್ತೆ ಬಿಳಿಚಿಕೊಳ್ಳುತ್ತಿವೆ. ಈ ಸಲ ಎರಡೂ ಒಂದೇ ಸಮ. ಅಂಗೈ ಮೇಲೆ ಇಟ್ಟುಕೊಂಡು ಯಾವುದು ಎಡ ಯಾವುದು ಬಲ ಎಂದು ಹೇಳಲಾಗುವುದಿಲ್ಲ. ಫ್ಲೋಟಿನ ಕಡೆ ಮತ್ತೆ ನೋಡುವ ಅಗತ್ಯವಿಲ್ಲ, ಇದು ಪೆಟ್ರೋಲಿನದು. ಜೆ.ಸಿ. ರಸ್ತೆಯಲ್ಲಿ ಒಂದು ಅಂಕಿ ದೊಡ್ಡ ಜೆಟ್ ಎರಡು ಹೇಳಿಟ್ಟು ಬಂದಿದ್ದೇನೆ, ಗುರುವಾರ ಬರುತ್ತದೆ ಎಂದಿದ್ದಾರೆ.